ಯಾವ ನಲ್ಲಿ, ಎಷ್ಟು ಹೊತ್ತಿಗೆ? ಶಾಲೆಯ ನೀರಿನಲ್ಲಿ ಸೀಸ ಹುಡುಕಿದ ಕಥೆ

ಜಿಲ್ಲಾ ಸುದ್ದಿ ಬರೆಯುವ ನಮ್ಮಂಥವರ ವಾಟ್ಸ್‌ಆ್ಯಪ್‌ಗೆ ವರ್ಷಕ್ಕೊಮ್ಮೆಯಾದರೂ ಬರುವ ಪ್ರಕಟಣೆ ಒಂದಿದೆ. ‘ತಾಲ್ಲೂಕಿನ ಶಾಲೆಗಳ ಕುಡಿಯುವ ನೀರಿನ ಮಾದರಿಗಳನ್ನು ಪರೀಕ್ಷೆಗೆ ಒಳಪಡಿಸಲಾಗಿದ್ದು, ನೀರು ಕುಡಿಯಲು ಯೋಗ್ಯವಾಗಿದೆ.’ ನಾವು ಕೊನೆಗೆ ‘ಎಂದು ಪ್ರಕಟಣೆ ತಿಳಿಸಿದೆ’ ಅಂತ ಸೇರಿಸಿ ಡೆಸ್ಕ್‌ಗೆ ಕಳಿಸುತ್ತೇವೆ. ಮರುದಿನ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಈ ಸಲವೂ ಹಾಗೇ ಕಳಿಸಿದೆವು. ಪೇಪರ್ ಬಂದ ದಿನ ಬೆಳಿಗ್ಗೆ ಏಳಕ್ಕೇ ಫೋನ್ ಬಂತು. ನಮ್ಮಲ್ಲಿ ಇಬ್ಬರಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ಮೇಷ್ಟ್ರು, ನಿವೃತ್ತಿಯಾಗಿ ಹತ್ತು ವರ್ಷವಾಯಿತು.

“ಏನಪ್ಪಾ, ಯಾವ ನಲ್ಲೀಲಿ ಹಿಡಿದ್ರಂತೆ ನೀರು? ಎಷ್ಟು ಹೊತ್ತಿಗೆ ಹಿಡಿದ್ರಂತೆ? ಏನೇನು ನೋಡಿದ್ರಂತೆ?”

“ಗೊತ್ತಿಲ್ಲ ಸಾರ್.”

“ಮತ್ತೆ ಯೋಗ್ಯ ಅಂತ ಹೆಂಗಯ್ಯಾ ಬರ್ದೆ?”

ಹೋಗಿ ಕೇಳಿದೆವು. ಮಾದರಿ ತೆಗೆದ ಹುಡುಗ ಏನನ್ನೂ ಮುಚ್ಚಿಡಲಿಲ್ಲ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿದ್ದೆ, ಬಿಸಿಯೂಟದ ಕೋಣೆಯ ನಲ್ಲಿ, ಎರಡು ಮೂರು ನಿಮಿಷ ನೀರು ಬಿಟ್ಟು ಆಮೇಲೆ ಬಾಟಲಿ ಹಿಡಿದೆ ಎಂದ. ಅವನು ಮಾಡಿದ್ದು ಸರಿಯೇ. ನೀರಿನಲ್ಲಿ ರೋಗಾಣು ಇದೆಯೇ ಎಂದು ನೋಡಲು ಹಾಗೇ ಹಿಡಿಯಬೇಕು, ನಲ್ಲಿಯ ಬಾಯಲ್ಲಿ ಕೂತ ಕೊಳೆ ಬಾಟಲಿಗೆ ಬರಬಾರದು. ಅವನ ಹಾಳೆಯಲ್ಲಿ ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ರೋಗಾಣು ಎಲ್ಲಕ್ಕೂ ಒಂದೊಂದು ಸಾಲಿತ್ತು. ಸೀಸಕ್ಕೆ ಇರಲಿಲ್ಲ. ಮೇಷ್ಟ್ರಿಗೆ ಹೇಳಿದಾಗ ಅವರು, “ಇದ್ದಿದ್ರೂ ಸಿಗ್ತಿರ್ಲಿಲ್ಲ ಬಿಡು, ನೀರು ಬಿಟ್ಟು ಹಿಡಿದ್ರೆ ಸೀಸ ಚರಂಡಿಗೆ ಹೋಗಿರುತ್ತೆ” ಎಂದರು. ಆ ಮಾತಿನ ಹಿಂದೆ ಬಿದ್ದು ಒಂದು ತಿಂಗಳು ಓದಿದ್ದರ ಫಲ ಈ ಬರಹ. ಕಥೆ ಬಹುಪಾಲು ಅಮೆರಿಕದ್ದು, ಯಾಕೆಂದರೆ ಶಾಲೆಯ ನಲ್ಲಿಯಲ್ಲಿ ಸೀಸ ಹುಡುಕುವುದು, ಹುಡುಕಿದಂತೆ ಮಾಡುವುದು ಎರಡೂ ಅಲ್ಲಿ ದಾಖಲೆಯಾಗಿ ಉಳಿದಿವೆ.

ಮೊದಲಿಗೆ ಒಂದು ವ್ಯತ್ಯಾಸ. ನಮ್ಮ ಬಯಲುಸೀಮೆಯವರಿಗೆ ನೀರಿನ ವಿಷ ಎಂದರೆ ಫ್ಲೋರೈಡ್. ಅದು ಬಂಡೆಯಿಂದ ಬರುತ್ತದೆ. ಒಂದು ಬೋರ್‌ವೆಲ್ ಪರೀಕ್ಷಿಸಿದರೆ ಅದರ ನೀರು ಕುಡಿಯುವ ಇಡೀ ಊರಿಗೆ ಅದೇ ಉತ್ತರ. ಹಲ್ಲಿನ ಮೇಲೆ ಕಲೆಯಾಗಿ ಕಣ್ಣಿಗೂ ಕಾಣುತ್ತದೆ. ಸೀಸ ಹಾಗಲ್ಲ. ಅದು ಸಾಮಾನ್ಯವಾಗಿ ಕೆರೆಯಲ್ಲೂ ಇರುವುದಿಲ್ಲ, ಬೋರ್‌ವೆಲ್‌ನಲ್ಲೂ ಇರುವುದಿಲ್ಲ. ನೀರು ನಮ್ಮ ಹತ್ತಿರ ಬರುವ ದಾರಿಯಲ್ಲಿ ಸೇರಿಕೊಳ್ಳುತ್ತದೆ: ಸೀಸದ ಹಳೆಯ ಕೊಳವೆ, ಕೊಳವೆ ಕೂಡಿಸುವ ಬೆಸುಗೆ, ಹಿತ್ತಾಳೆ ನಲ್ಲಿ. (ಹಿತ್ತಾಳೆಯನ್ನು ಕೊರೆದು ತಿರುಪು ಹಾಕಲು ಸುಲಭವಾಗಲಿ ಎಂದು ಸ್ವಲ್ಪ ಸೀಸ ಬೆರೆಸುತ್ತಾರೆ.) ನೀರು ನಿಂತಷ್ಟು ಹೊತ್ತು ಕರಗುತ್ತದೆ, ಹರಿದರೆ ತೊಳೆದುಹೋಗುತ್ತದೆ. ಹಾಗಾಗಿ ಒಂದೇ ಶಾಲೆಯ ಎರಡು ನಲ್ಲಿ ಎರಡು ಉತ್ತರ ಕೊಡಬಹುದು. ಒಂದೇ ನಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಹೇಳಬಹುದು. ಬಣ್ಣವಿಲ್ಲ, ವಾಸನೆಯಿಲ್ಲ, ಕಹಿಯೂ ಇಲ್ಲ. ಅಂದಹಾಗೆ, ನಮ್ಮ ಅಜ್ಜಂದಿರು ‘ಸೀಸದಕಡ್ಡಿ’ ಎನ್ನುತ್ತಿದ್ದ ಪೆನ್ಸಿಲಿನಲ್ಲಿ ಬರೆಯುವುದು ಗ್ರಾಫೈಟ್. ಪೆನ್ಸಿಲ್ ಕಚ್ಚಬೇಡ ಎಂದು ಬೈಸಿಕೊಂಡ ನಮಗೆ ನಲ್ಲಿಯ ಬಗ್ಗೆ ಯಾರೂ ಬೈಯಲಿಲ್ಲ.

ಸೀಸ ಕೆಟ್ಟದ್ದು ಎಂಬುದು ಹೊಸ ಸುದ್ದಿಯಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮ್‌ನ ವಾಸ್ತುಶಿಲ್ಪಿ ವಿಟ್ರೂವಿಯಸ್, ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯ ನೀರು ಒಳ್ಳೆಯದು, ಸೀಸದ ಕೆಲಸಗಾರರ ಬಿಳಿಚಿದ ಮುಖ ನೋಡಿದರೆ ಗೊತ್ತಾಗುತ್ತದೆ ಎಂದು ಬರೆದಿಟ್ಟಿದ್ದ. ಸೀಸಕ್ಕೆ ಲ್ಯಾಟಿನ್‌ನಲ್ಲಿ ಪ್ಲಂಬಂ, ‘ಪ್ಲಂಬರ್’ ಹುಟ್ಟಿದ್ದು ಅಲ್ಲಿಂದ. 1880ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಗುಡ್ಡದ ಮೇಲಿನ ಮೆದುನೀರು ಸೀಸದ ಕೊಳವೆ ಕರಗಿಸಿ ಜನ ಕಾಯಿಲೆ ಬಿದ್ದರು. ಗಡಸು ನೀರು ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದಲ್ಲ, ಕೊಳವೆಯೊಳಗೂ ಹಾಗೆ ಕಟ್ಟಿ ಸೀಸ ಮತ್ತು ನೀರಿನ ನಡುವೆ ಅಡ್ಡ ನಿಲ್ಲುತ್ತದೆ. ಮೆದುವಾದ, ತುಸು ಆಮ್ಲೀಯವಾದ ನೀರಿಗೆ ಆ ಪದರ ಕಟ್ಟಲಾಗದು. ನಮ್ಮ ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿ ನೀರು ಹೆಚ್ಚಾಗಿ ಈ ಜಾತಿಯದು.

ಆದರೆ ಇವೆಲ್ಲ ಹಾಸಿಗೆ ಹಿಡಿಯುವಷ್ಟು ವಿಷವಾದವರ ಕಥೆ. ಶಾಲೆಯ ಮಕ್ಕಳ ವಿಷಯ ಶುರುವಾಗುವುದು 1979ರಲ್ಲಿ, ಹಾಲುಹಲ್ಲಿನಿಂದ. ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ವೈದ್ಯರು ಬಾಸ್ಟನ್ ಪಕ್ಕದ ಚೆಲ್ಸಿ, ಸಾಮರ್‌ವಿಲ್ ಊರುಗಳ ಒಂದು ಎರಡನೇ ತರಗತಿಯ ಮಕ್ಕಳಿಗೆ, ಹಲ್ಲು ಬಿದ್ದರೆ ಎಸೆಯಬೇಡಿ, ತಂದುಕೊಡಿ ಎಂದರು. ನಾವಾಗಿದ್ದರೆ ಹಂಚಿನ ಮೇಲೆ ಎಸೆದಿರುತ್ತಿದ್ದೆವು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ತಂದುಕೊಟ್ಟರು. ರಕ್ತದಲ್ಲಿ ಸೀಸ ಕೆಲವು ವಾರ ಇರುತ್ತದೆ, ಹಲ್ಲು ಮೂಳೆಗಳಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಯಾವ ಮಗುವಿನ ಹಲ್ಲು ಎಂದು ಗೊತ್ತಿಲ್ಲದ ಶಿಕ್ಷಕರು ಬರೆದುಕೊಟ್ಟ ಟಿಪ್ಪಣಿಗಳಲ್ಲೂ ಅದೇ ಮಕ್ಕಳು ‘ಗಮನ ಕೊಡುವುದಿಲ್ಲ, ಹೇಳಿದ್ದು ಮರೆಯುತ್ತಾನೆ’ ಆಗಿದ್ದರು. ಯಾರಿಗೂ ಕಾಯಿಲೆ ಇರಲಿಲ್ಲ. ದಡ್ಡ ಎಂದು ನಾವು ಹಿಂದಿನ ಬೆಂಚಿಗೆ ಕೂರಿಸುವ ಹುಡುಗನ ಒಳಗೆ ಏನಿರಬಹುದು ಎಂಬ ಪ್ರಶ್ನೆ ಅದು. ಸೀಸ ಉದ್ಯಮದ ಪರವಾಗಿ ಸಾಕ್ಷಿ ಹೇಳುತ್ತಿದ್ದ ತಜ್ಞರು ನೀಡಲ್‌ಮನ್ ಮೇಲೆ ದೂರು ಕೊಟ್ಟು ವಿಚಾರಣೆ ಎದುರಿಸುವಂತೆ ಮಾಡಿದರು. ಕೊನೆಗೆ ಅವರು ವೈಜ್ಞಾನಿಕ ವಂಚನೆ ಮಾಡಿಲ್ಲ ಎಂದೇ ತೀರ್ಮಾನವಾಯಿತು.

ನೀರಿನ ಕಾನೂನು ಬಂದದ್ದು 1986ರಲ್ಲಿ. ಹೊಸ ಕಟ್ಟಡಗಳಲ್ಲಿ ಸೀಸದ ಕೊಳವೆ, ಸೀಸದ ಬೆಸುಗೆ ನಿಷೇಧ, ನಲ್ಲಿ ಮತ್ತು ಫಿಟ್ಟಿಂಗ್‌ಗಳು ‘ಸೀಸರಹಿತ’ ಇರಬೇಕು. ಸೀಸರಹಿತ ಎಂದರೆ? ಶೇ 8ರವರೆಗೆ ಸೀಸ ಇರಬಹುದು ಎಂದು ಕಾನೂನೇ ವ್ಯಾಖ್ಯಾನ ಕೊಟ್ಟಿತು. ನಮ್ಮೂರ ಹಾಲಿನವರೂ ಇಷ್ಟು ಧೈರ್ಯ ಮಾಡಿಲ್ಲ. ಅದು ಶೇ 0.25ಕ್ಕೆ ಇಳಿದು ಜಾರಿಯಾಗಲು 2014 ಬರಬೇಕಾಯಿತು. 1988ರಲ್ಲಿ ಶಾಲೆಗಳಿಗಾಗಿಯೇ ಇನ್ನೊಂದು ಕಾನೂನು. ಶಾಲೆಗಳ ಕಾರಿಡಾರಿನಲ್ಲಿ ತಣ್ಣೀರು ಕೊಡುತ್ತಿದ್ದ ಕೂಲರ್‌ಗಳಲ್ಲಿ ಕೆಲವಕ್ಕೆ ಒಳಗಡೆ ಸೀಸದ ಲೇಪವೇ ಇತ್ತು. ಅವುಗಳ ಪಟ್ಟಿ ಮಾಡಿ ತೆಗೆಯಿರಿ, ರಾಜ್ಯಗಳು ಶಾಲೆಗಳಿಗೆ ನೀರು ಪರೀಕ್ಷೆಗೆ ನೆರವಾಗಲಿ ಎಂದಿತು. ಎಂಟು ವರ್ಷದ ನಂತರ ಲೂಸಿಯಾನಾದ ಮೊಕದ್ದಮೆಯೊಂದರಲ್ಲಿ ಮೇಲ್ಮನವಿ ನ್ಯಾಯಾಲಯ, ಹೀಗೆ ಮಾಡಿ ಎಂದು ರಾಜ್ಯಗಳಿಗೆ ಕೇಂದ್ರ ಕಟ್ಟಪ್ಪಣೆ ಕೊಡುವಂತಿಲ್ಲ ಎಂದು ಆ ಭಾಗವನ್ನು ತೆಗೆದುಹಾಕಿತು. ಉಳಿದದ್ದು ಸಲಹೆ.

ನಡುವೆ 1991ರಲ್ಲಿ ಬಂದ ನಿಯಮವೇ ಮುಂದಿನ ಎಲ್ಲ ಜಗಳದ ಮೂಲ. ನೀರು ಸರಬರಾಜು ಮಾಡುವವರು ಆಯ್ದ ಮನೆಗಳಿಂದ ಮಾದರಿ ತೆಗೆಯಬೇಕು. ಕನಿಷ್ಠ ಆರು ಗಂಟೆ ಯಾರೂ ಮುಟ್ಟದ ನಲ್ಲಿಯ ಮೊದಲ ಒಂದು ಲೀಟರ್ ಆಗಬೇಕು. ಶೇ 10ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಲೀಟರಿಗೆ 15 ಮೈಕ್ರೋಗ್ರಾಂ ದಾಟಿದರೆ ಕ್ರಮ ಕೈಗೊಳ್ಳಬೇಕು. ಮೊದಲ ನೀರು ಎಂಬ ಮಾತು ಕಾನೂನಿಗೆ ಬಂದದ್ದು ದೊಡ್ಡ ಹೆಜ್ಜೆಯೇ. ಆದರೆ ನೂರರಲ್ಲಿ ಹತ್ತು ಮನೆಯ ನಲ್ಲಿಯಲ್ಲಿ ಸಾವಿರ ಮೈಕ್ರೋಗ್ರಾಂ ಬಂದರೂ ಊರು ಪಾಸು. ಆ 15 ಕೂಡ ಮಗುವಿನ ಮೆದುಳು ತಡೆದುಕೊಳ್ಳುವ ಲೆಕ್ಕವಲ್ಲ, ಸರಬರಾಜು ಮಾಡುವವರ ಕೈಲಾಗುವ ಲೆಕ್ಕ. ಆರೋಗ್ಯದ ಗುರಿ ಸೊನ್ನೆ ಎಂದು ಅದೇ ಸರ್ಕಾರ ಬರೆದುಕೊಂಡಿತ್ತು. (ನಮ್ಮ ಬಿಐಎಸ್ ಮಾನದಂಡ 10500ರಲ್ಲಿ ಮಿತಿ 10 ಮೈಕ್ರೋಗ್ರಾಂ, ಅಂದರೆ ಕಾಗದದಲ್ಲಿ ನಾವು ಅವರಿಗಿಂತ ಬಿಗಿ.) ಎಲ್ಲಕ್ಕಿಂತ ಮುಖ್ಯವಾಗಿ, ಈ ನಿಯಮದ ಮನೆಗಳ ಪಟ್ಟಿಯಲ್ಲಿ ಶಾಲೆ ಇರಲಿಲ್ಲ. ಊರ ನೀರು ತೆಗೆದುಕೊಳ್ಳುವ ಶಾಲೆ ತನ್ನ ನಲ್ಲಿ ಪರೀಕ್ಷಿಸಲೇಬೇಕು ಎಂದು ಯಾರೂ ಹೇಳಲಿಲ್ಲ. ಬಾಲ್ಟಿಮೋರ್ ನಗರದ ಶಾಲೆಗಳು ವರ್ಷಗಟ್ಟಲೆ ನಲ್ಲಿ ಮುಚ್ಚಿ ತೆರೆದು ಹೈರಾಣಾಗಿ 2007ರಲ್ಲಿ ಬಾಟಲಿ ನೀರಿಗೇ ಹೋದವು. ಪರೀಕ್ಷೆ ಮಾಡುತ್ತಾ ಕೂರುವುದಕ್ಕಿಂತ ಅದೇ ಅಗ್ಗ ಎಂಬುದು ಅವರ ಲೆಕ್ಕ.

ಪತ್ರಿಕೆಯವರಾಗಿ ನಾವು ವಾಷಿಂಗ್ಟನ್ನಿನ ಪ್ರಸಂಗವನ್ನು ಬಿಡುವ ಹಾಗಿಲ್ಲ. 2000ದ ನವೆಂಬರಿನಲ್ಲಿ ಆ ನಗರದ ನೀರಿಗೆ ಕ್ಲೋರಿನ್ ಬದಲು ಕ್ಲೋರಮಿನ್ ಹಾಕತೊಡಗಿದರು. ಉದ್ದೇಶ ಒಳ್ಳೆಯದೇ, ಆದರೆ ಕೊಳವೆಯೊಳಗಿನ ಪದರ ಕರಗಿತು. ಜಲಮಂಡಳಿಗೆ 2002ರಲ್ಲೇ ಸೀಸ ಮಿತಿ ಮೀರಿದ್ದು ಗೊತ್ತಿತ್ತು. ಜನರಿಗೆ ಸರಿಯಾಗಿ ಗೊತ್ತಾದದ್ದು 2004ರ ಜನವರಿ 31ರಂದು, ವಾಷಿಂಗ್ಟನ್ ಪೋಸ್ಟ್ ಮುಖಪುಟದಿಂದ. ಮಂಡಳಿಯೇ ಪರೀಕ್ಷಿಸಿದ ಆರು ಸಾವಿರ ಚಿಲ್ಲರೆ ಮನೆಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮನೆ ಮಿತಿ ದಾಟಿದ್ದವು. ಅಂಕಿ ಕಚೇರಿಯ ಕಡತದಲ್ಲೇ ಇತ್ತು. ಅಷ್ಟಾದ ಮೇಲೂ ದೇಶದ ರೋಗ ನಿಯಂತ್ರಣ ಸಂಸ್ಥೆ, ಮಕ್ಕಳಿಗೆ ಅಂಥ ತೊಂದರೆಯಾಗಿಲ್ಲ ಎಂಬರ್ಥದ ವರದಿ ಕೊಟ್ಟಿತು. ಅದು ದಾರಿ ತಪ್ಪಿಸುವಂತಿತ್ತು ಎಂದು 2010ರಲ್ಲಿ ಸಂಸತ್ತಿನ ಉಪಸಮಿತಿ ಹೇಳಿತು. ಆ ಆರು ವರ್ಷ ಬೇರೆ ಊರುಗಳವರು ಅದೇ ವರದಿ ಹಿಡಿದು ನೆಮ್ಮದಿಯಾಗಿದ್ದರು. ವರ್ಜೀನಿಯಾ ಟೆಕ್‌ನ ಮಾರ್ಕ್ ಎಡ್ವರ್ಡ್ಸ್ ಎಂಬ ಪ್ರಾಧ್ಯಾಪಕರು ಆ ಅಷ್ಟೂ ಕಾಲ ಆ ವರದಿಯ ವಿರುದ್ಧ ಹೋರಾಡಿದರು.

ಅವರೇ ಮತ್ತೆ ಬರುವುದು ಫ್ಲಿಂಟ್‌ನಲ್ಲಿ. ಮಿಷಿಗನ್ ರಾಜ್ಯದ, ಸುಮಾರು ಒಂದು ಲಕ್ಷ ಜನರ, ಕಾರು ಕಾರ್ಖಾನೆ ಮುಚ್ಚಿ ಬಡವಾದ ಊರು. ದುಡ್ಡು ಉಳಿಸಲು 2014ರ ಏಪ್ರಿಲ್ 25ರಂದು ಡೆಟ್ರಾಯಿಟ್ ನಗರದಿಂದ ಬರುತ್ತಿದ್ದ ಸರೋವರದ ನೀರು ನಿಲ್ಲಿಸಿ ಫ್ಲಿಂಟ್ ನದಿಯ ನೀರಿಗೆ ಬದಲಾದರು. ಡೆಟ್ರಾಯಿಟ್ ನೀರಿಗೆ ಫಾಸ್ಫೇಟ್ ಹಾಕುತ್ತಿತ್ತು, ಅದು ಕೊಳವೆಯೊಳಗೆ ಪದರ ಕಟ್ಟುತ್ತದೆ. ಫ್ಲಿಂಟ್‌ನವರು ಹಾಕಲಿಲ್ಲ. ಅಕ್ಟೋಬರ್ ಹೊತ್ತಿಗೆ ಜನರಲ್ ಮೋಟರ್ಸ್‌ನ ಎಂಜಿನ್ ಕಾರ್ಖಾನೆ, ಈ ನೀರಿಗೆ ಬಿಡಿಭಾಗ ತುಕ್ಕು ಹಿಡಿಯುತ್ತಿದೆ ಎಂದು ಬೇರೆ ನೀರು ತೆಗೆದುಕೊಂಡಿತು. ಕಬ್ಬಿಣಕ್ಕೆ ಸಿಕ್ಕಿದ ಉಪಚಾರ ಮಕ್ಕಳಿಗೆ ಸಿಗಲು ಇನ್ನೊಂದು ವರ್ಷ ಹಿಡಿಯಿತು.

ಲೀಆನ್ ವಾಲ್ಟರ್ಸ್ ನಾಲ್ಕು ಮಕ್ಕಳ ತಾಯಿ. ನೀರು ಕಂದು ಬಣ್ಣ, ಮಕ್ಕಳ ಮೈಮೇಲೆ ಗುಳ್ಳೆ. 2015ರ ಫೆಬ್ರುವರಿಯಲ್ಲಿ ನಗರದವರು ಬಂದು ಹಿಡಿದ ಮಾದರಿಯಲ್ಲಿ 104 ಮೈಕ್ರೋಗ್ರಾಂ, ಮಾರ್ಚಿನಲ್ಲಿ 397. ನಿಮ್ಮ ಮನೆಯೊಳಗಿನ ಕೊಳವೆ ಸರಿಯಿಲ್ಲ ಎಂದರು. ಅವರ ಮನೆಯೊಳಗೆ ಇದ್ದದ್ದು ಪ್ಲಾಸ್ಟಿಕ್ ಕೊಳವೆ! ಎಡ್ವರ್ಡ್ಸ್ ಅವರ ಪ್ರಯೋಗಾಲಯಕ್ಕೆ ಬಾಟಲಿಗಳು ಹೋದವು. ಒಂದರಲ್ಲಿ 13,200 ಬಂತು. 5,000 ದಾಟಿದರೆ ಅಮೆರಿಕದ ಕಾನೂನಿನಲ್ಲಿ ಅದು ಅಪಾಯಕಾರಿ ತ್ಯಾಜ್ಯ.

ಹಾಗಿದ್ದೂ ಊರಿನ ಅಧಿಕೃತ ಪರೀಕ್ಷೆ ಪಾಸಾಗುತ್ತಲೇ ಇತ್ತು. ಹೇಗೆ? ಇಲ್ಲಿ ಮೇಷ್ಟ್ರ ಪ್ರಶ್ನೆ ಬರುತ್ತದೆ. ಮಾದರಿ ಹಿಡಿಯುವವರಿಗೆ ಕೊಟ್ಟ ಚೀಟಿಯಲ್ಲಿ, ಹಿಂದಿನ ರಾತ್ರಿ ನಲ್ಲಿ ಬಿಟ್ಟು ಕೆಲವು ನಿಮಿಷ ನೀರು ಹರಿಸಿ, ಆಮೇಲೆ ಮುಚ್ಚಿ, ಬೆಳಿಗ್ಗೆ ಹಿಡಿಯಿರಿ ಎಂದಿತ್ತು. ಆರು ಗಂಟೆ ನಿಂತ ಮೊದಲ ನೀರು ಎಂಬ ನಿಯಮ ಅಕ್ಷರಶಃ ಪಾಲನೆಯಾಯಿತು. ಆದರೆ ಕೊಳವೆಯಲ್ಲಿ ಸಡಿಲವಾಗಿದ್ದ ಸೀಸ ರಾತ್ರಿಯೇ ತೊಳೆದುಹೋಗಿತ್ತು. ಇಪಿಎ ಎಂಬ ಕೇಂದ್ರ ಪರಿಸರ ಸಂಸ್ಥೆಯ ಮಿಗೆಲ್ ಡೆಲ್ ಟೋರಲ್ ಎಂಬ ಅಧಿಕಾರಿ 2015ರ ಜೂನ್‌ನಲ್ಲಿ ತನ್ನ ಮೇಲಿನವರಿಗೆ ಟಿಪ್ಪಣಿ ಬರೆದು ಇದನ್ನೇ ಹೇಳಿದರು. ಅದೇ ಅರ್ಧವರ್ಷದ ಲೆಕ್ಕದಲ್ಲಿ 71 ಬಾಟಲಿ ಇದ್ದವು. ಎರಡನ್ನು ಕೈಬಿಟ್ಟು 69 ಮಾಡಿದರು, ಕೈಬಿಟ್ಟದ್ದರಲ್ಲಿ ವಾಲ್ಟರ್ಸ್ ಮನೆಯದೂ ಒಂದು. ಎರಡೂ ಸೇರಿದ್ದರೆ ಊರು ಮಿತಿ ದಾಟುತ್ತಿತ್ತು. ತೆಗೆದ ಮೇಲೆ 11.

ಆಮೇಲೆ ಊರಿನವರೇ ಬಾಟಲಿ ಹಂಚಿಕೊಂಡು, ಯಾರೂ ನೀರು ಮುಟ್ಟುವ ಮೊದಲೇ ಹಿಡಿದು, 270ರಷ್ಟು ಮನೆಗಳ ಮಾದರಿಯನ್ನು ವರ್ಜೀನಿಯಾಕ್ಕೆ ಕಳಿಸಿದರು. 11 ಇದ್ದ ಕಡೆ 27 ಬಂತು. ಅದೇ ಊರು, ಅದೇ ನೀರು, ಹಿಡಿದ ರೀತಿ ಬೇರೆ. ಸೆಪ್ಟೆಂಬರ್ 24ರಂದು ಮಕ್ಕಳ ವೈದ್ಯೆ ಮೋನಾ ಹನ್ನಾ-ಅತ್ತೀಶಾ ಆಸ್ಪತ್ರೆಯ ದಾಖಲೆ ಹಿಡಿದು ಪತ್ರಿಕಾಗೋಷ್ಠಿ ಕರೆದರು. ರಕ್ತದಲ್ಲಿ ಸೀಸ ಹೆಚ್ಚಿದ್ದ ಐದು ವರ್ಷದೊಳಗಿನ ಮಕ್ಕಳು ಶೇ 2.4 ಇದ್ದದ್ದು ಶೇ 4.9 ಆಗಿತ್ತು. ಮೊದಲು ಅವರನ್ನೂ ಅಲ್ಲಗಳೆದರು. ಅಕ್ಟೋಬರಿನಲ್ಲಿ ಶಾಲೆಗಳ ನಲ್ಲಿ ನೋಡಿದಾಗ ಮೂರು ಶಾಲೆ ಮಿತಿ ದಾಟಿದ್ದವು, ಒಂದು ಪ್ರಾಥಮಿಕ ಶಾಲೆಯಲ್ಲಿ 101. ಅದೇ ತಿಂಗಳು 16ರಂದು ಊರು ಡೆಟ್ರಾಯಿಟ್ ನೀರಿಗೆ ವಾಪಸಾಯಿತು.

ಇದು ಒಂದೂರಿನ ಕುತಂತ್ರ ಎಂದುಕೊಳ್ಳುವಂತಿಲ್ಲ. 2016ರಲ್ಲಿ ಗಾರ್ಡಿಯನ್ ಪತ್ರಿಕೆ ಬೇರೆ ಬೇರೆ ನಗರಗಳ ಸೂಚನಾ ಚೀಟಿ ತರಿಸಿ ನೋಡಿತು. ಇಂಥ ಅಭ್ಯಾಸ 17 ರಾಜ್ಯಗಳ 33 ನಗರಗಳಲ್ಲಿತ್ತು: ರಾತ್ರಿಯೇ ನೀರು ಹರಿಸುವುದು, ಸೀಸದ ಚೂರು ಸಿಕ್ಕಿಕೊಳ್ಳುವ ನಲ್ಲಿಯ ಜಾಲರಿ ಬಿಚ್ಚುವುದು, ಸಣ್ಣಗೆ ನೀರು ಬಿಟ್ಟು ಹಿಡಿಯುವುದು. ಅದೇ ವರ್ಷ ಫೆಬ್ರುವರಿಯಲ್ಲಿ ಇಪಿಎ ಈ ಮೂರನ್ನೂ ಮಾಡಬೇಡಿ ಎಂದು ಪತ್ರ ಬರೆದಿತ್ತು. ಕೆಲವರಿಗೆ ಇದು ಮೋಸ ಎಂದು ಗೊತ್ತಿತ್ತು. ಆದರೆ ಎಲ್ಲರೂ ಕಳ್ಳರು ಎನ್ನಲು ನಮಗೆ ಮನಸ್ಸಿಲ್ಲ. ನೀರಿನ ಪರೀಕ್ಷೆ ಬೆಳೆದದ್ದೇ ಕಾಲರಾ, ಟೈಫಾಯಿಡ್ ಕಾಲದಲ್ಲಿ. ನಲ್ಲಿ ಬಿಟ್ಟು, ಶುಚಿ ಮಾಡಿ, ಆಮೇಲೆ ಹಿಡಿ ಎಂಬುದು ಆ ಕಸುಬಿನ ಕೈಗೆ ಹತ್ತಿದ ಅಭ್ಯಾಸ. ನಮ್ಮ ತಾಲ್ಲೂಕಿನ ಹುಡುಗ ಮಾಡಿದ್ದೂ ಅದನ್ನೇ. ಒಂದು ವಿಷಕ್ಕೆ ಸರಿಯಾದ ವಿಧಾನ ಇನ್ನೊಂದು ವಿಷವನ್ನು ಮರೆಮಾಡುತ್ತದೆ.

ಫ್ಲಿಂಟ್ ಆದ ಮೇಲೂ ಅಮೆರಿಕದ ಶಾಲೆಗಳೆಲ್ಲ ಎದ್ದು ಕೂತವೇ? ಅಲ್ಲಿನ ಸರ್ಕಾರಿ ಲೆಕ್ಕ ಪರಿಶೋಧಕರ 2018ರ ವರದಿ ಪ್ರಕಾರ, ಶಾಲಾ ಜಿಲ್ಲೆಗಳಲ್ಲಿ ಶೇ 43 ಮಾತ್ರ ಸೀಸದ ಪರೀಕ್ಷೆ ಮಾಡಿದ್ದವು. ಮಾಡಿದವುಗಳಲ್ಲಿ ಶೇ 37 ಕಡೆ ಸೀಸ ಹೆಚ್ಚಿತ್ತು. ಶೇ 41 ಮಾಡಿರಲಿಲ್ಲ. ಉಳಿದವಕ್ಕೆ ಮಾಡಿದ್ದೇವೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ.

ನಮ್ಮ ಕಡೆಗೂ ಈ ಕಥೆಯ ಒಂದು ಎಳೆ ಬರುತ್ತದೆ, ಆದರೆ ನೀರಿನ ದಾರಿಯಿಂದಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಅದರ ಮುಂಚೂಣಿಯಲ್ಲಿದ್ದರು. 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಆಗಿನ ಮಿತಿಯಾದ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಸಿಕ್ಕಿತು. ಆಗ ಬೆರಳು ತೋರಿಸಿದ್ದು ಪೆಟ್ರೋಲಿನ ಕಡೆಗೆ. 2000ದಲ್ಲಿ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಬಣ್ಣ, ಹಳೇ ಬ್ಯಾಟರಿ ಕರಗಿಸುವ ಶೆಡ್ಡು, ಕಲಾಯಿಯ ತವರಕ್ಕೆ ಬೆರೆಸುವ ಸೀಸ, ಇವೆಲ್ಲ ಆಮೇಲೆ ಚರ್ಚೆಗೆ ಬಂದವು. ಕೊಳವೆಯ ಸರದಿ ಬಂದದ್ದು ತಡವಾಗಿ. ಪಿವಿಸಿ ಪೈಪ್ ತಯಾರಿಸುವಾಗ ಕಾವಿಗೆ ಕೆಡದಿರಲಿ ಎಂದು ಸೀಸದ ಲವಣ ಸೇರಿಸುತ್ತಿದ್ದರು. 2017ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟು, 2021ರಲ್ಲಿ ಕೇಂದ್ರ ನಿಯಮ ಮಾಡಿತು. ನಿಯಮ ಹೊಸ ಪೈಪಿಗೆ. ಗೋಡೆಯೊಳಗಿರುವ ಹಳೆಯದು ಅಲ್ಲೇ ಇರುತ್ತದೆ. 2020ರ ಅಕ್ಟೋಬರ್ 2ರಂದು ಜಲಜೀವನ್ ಮಿಷನ್‌ನಡಿ ಎಲ್ಲ ಶಾಲೆ, ಅಂಗನವಾಡಿಗೆ ನಲ್ಲಿ ಕೊಡಲು ನೂರು ದಿನದ ಅಭಿಯಾನ ಶುರುವಾಯಿತು. ನಲ್ಲಿ ಬಂದದ್ದರ ಫೋಟೊ ನಾವೂ ಹಾಕಿದ್ದೇವೆ. ಯಾವ ಲೋಹದ ನಲ್ಲಿ ಎಂದು ಕೇಳಿರಲಿಲ್ಲ.

ಅಮೆರಿಕದಲ್ಲಿ ಪ್ರಾಥಮಿಕ ಶಾಲೆಗಳ ನಲ್ಲಿಯನ್ನು ನೀರು ಕೊಡುವವರೇ ಪರೀಕ್ಷಿಸಬೇಕೆಂಬ ಮಾತು ಕೇಂದ್ರದ ನಿಯಮಕ್ಕೆ ಸೇರಿದ್ದು 2021ರಲ್ಲಿ. ಫ್ಲಿಂಟ್ ಇರುವ ಮಿಷಿಗನ್ 2023ರಲ್ಲಿ ಬೇರೆಯೇ ದಾರಿ ಹಿಡಿಯಿತು: ಮೊದಲು ಎಲ್ಲ ಶಾಲೆಗೂ ಫಿಲ್ಟರ್ ಹಾಕಿ, ಆಮೇಲೆ ಆ ಫಿಲ್ಟರಿನ ನೀರು ಪರೀಕ್ಷಿಸಿ. ನಲ್ಲಿಯ ಮೇಲಿನ ನಂಬಿಕೆಯನ್ನೇ ಬಿಟ್ಟರು.

ಇದೆಲ್ಲ ಮೇಷ್ಟ್ರಿಗೆ ಹೇಳಿದೆವು. ಶಾಲೆಗಳಿಗೆ ಇಪಿಎ ಕೊಟ್ಟ ಕೈಪಿಡಿಯಲ್ಲಿ ಒಂದು ವಿಷಯವಿತ್ತು. ನಲ್ಲಿ 8ರಿಂದ 18 ಗಂಟೆ ಸುಮ್ಮನಿದ್ದ ಮೇಲೆ 250 ಮಿಲಿಲೀಟರ್ ಹಿಡಿಯಬೇಕು. ಅದಕ್ಕಿಂತ ಹೆಚ್ಚು ಹೊತ್ತು ನಿಂತ ನೀರು ಬೇಡ, ಅದು ದಿನನಿತ್ಯದ ನೀರಲ್ಲ. ಆ ಲೆಕ್ಕದಲ್ಲಿ ಸೋಮವಾರ ಬೆಳಿಗ್ಗೆ ಬಾದು. ಮೇಷ್ಟ್ರು ನಕ್ಕರು. “ಶನಿವಾರ ಮಧ್ಯಾಹ್ನ ಬೀಗ ಹಾಕಿದ್ರೆ ಸೋಮವಾರ ಮಕ್ಕಳು ಬರಲ್ವೇನಯ್ಯಾ? ದಸರಾ ರಜೆ ಮುಗಿಸ್ಕೊಂಡು ಬಂದ ದಿನ ನೀರು ಕುಡಿಯಲ್ವಾ?”

ಮುಖ್ಯ ಶಿಕ್ಷಕಿಯವರು ಒಪ್ಪಿದ್ದಾರೆ. ಎಸ್‌ಡಿಎಂಸಿ ಅಧ್ಯಕ್ಷರು, ಲ್ಯಾಬಿನ ಖರ್ಚು ಯಾರದ್ದು ಎಂದು ಕೇಳಿದರು, ನಮ್ಮದೇ ಎಂದ ಮೇಲೆ ಒಪ್ಪಿದರು. ಇಷ್ಟು ಸಣ್ಣ ಪ್ರಮಾಣ ಖಚಿತವಾಗಿ ಅಳೆಯಲು ಯಂತ್ರವಿರುವ ಪ್ರಯೋಗಾಲಯವೇ ಬೇಕು, ಆ ಬಾಟಲಿಗಳು ಬಂದಿವೆ. ಸೋಮವಾರ ಏಳೂವರೆಗೆ ಒಂದು, ಅದೇ ನಲ್ಲಿಯಲ್ಲಿ ಐದು ನಿಮಿಷ ನೀರು ಬಿಟ್ಟು ಇನ್ನೊಂದು, ಕೈಪಿಡಿಯವರ ಸಮಾಧಾನಕ್ಕೆ ಮಂಗಳವಾರ ಬೆಳಿಗ್ಗೆ ಮೂರನೆಯದು. ಬಿಸಿಯೂಟದ ಅಡುಗೆ ಮಾಡುವ ಅಕ್ಕ ಎಲ್ಲರಿಗಿಂತ ಮೊದಲು ಬಂದು ಅಕ್ಕಿ ತೊಳೆಯುತ್ತಾರೆ. ಮರೆತು ತಿರುಗಿಸಿಬಿಡುತ್ತೇನೆ ಎಂದು ಅವರಿಗೇ ಭಯ. ಶನಿವಾರ ಹೋಗುವಾಗ ನಲ್ಲಿಗೆ ಬಟ್ಟೆ ಕಟ್ಟಿ ಹೋಗುತ್ತೇನೆ ಎಂದಿದ್ದಾರೆ.